ಥೈರಾಯ್ಡ್ ಕ್ಯಾನ್ಸರ್: ಒಪಿಡಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕತ್ತಿನ ಗಂಟುಗಳ ಆಪರೇಷನ್ ಮಾಡುವುದು ನನ್ನ ಕೆಲಸ. ಒಪಿಡಿಯಲ್ಲಿ, ಫೋನಿನಲ್ಲಿ, ಕಾಗದದಲ್ಲಿ, ಒಮ್ಮೊಮ್ಮೆ ಮದುವೆಮನೆಯ ಊಟದ ಪಂಕ್ತಿಯಲ್ಲೂ ಜನ ಕೇಳಿದ ಪ್ರಶ್ನೆಗಳು ಇವು. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ನಿಮ್ಮ ಪ್ರಶ್ನೆ ಹುಡುಕಿಕೊಂಡು ಅದರ ಉತ್ತರವನ್ನಷ್ಟೇ ಓದಿದರೂ ಸಾಕು. ಆದರೆ ನಿಮ್ಮ ಕತ್ತನ್ನು ಕೈಯಿಂದ ಮುಟ್ಟಿ ನೋಡಿದ ಡಾಕ್ಟರಿಗೆ ನನಗಿಂತ ಜಾಸ್ತಿ ಗೊತ್ತಿರುತ್ತದೆ, ಅದು ನೆನಪಿರಲಿ.

## ಗಂಟು ಕಂಡ ಹೊಸತರಲ್ಲಿ

"ನನಗೆ ಹತ್ತು ವರ್ಷದಿಂದ ಥೈರಾಯ್ಡ್ ಇದೆ ಡಾಕ್ಟ್ರೇ. ಅದೇ ಕ್ಯಾನ್ಸರ್‌ಗೆ ತಿರುಗುತ್ತಾ?"

ಥೈರಾಯ್ಡ್ ನನಗೂ ಇದೆ, ನಿಮ್ಮ ಪಕ್ಕದ ಮನೆಯವರಿಗೂ ಇದೆ. ಅದು ಕಾಯಿಲೆಯ ಹೆಸರಲ್ಲ, ಕತ್ತಿನ ಮುಂಭಾಗದಲ್ಲಿ ಚಿಟ್ಟೆ ರೆಕ್ಕೆ ಬಿಚ್ಚಿದಂತೆ ಕೂತಿರುವ ಗ್ರಂಥಿಯ ಹೆಸರು. ನೀವು ಹೇಳುತ್ತಿರುವುದು ಬಹುಶಃ ಹಾರ್ಮೋನ್ ಕಡಿಮೆಯಾಗಿ ದಿನಾ ಮಾತ್ರೆ ತಗೊಳ್ಳುವ ತೊಂದರೆ. ಅದು ಕ್ಯಾನ್ಸರ್ ಆಗಿ ತಿರುಗುವುದಿಲ್ಲ. ಹಾರ್ಮೋನಿನ ಏರುಪೇರು ಒಂದು ಕಥೆ, ಗ್ರಂಥಿಯಲ್ಲಿ ಗಂಟು ಬೆಳೆಯುವುದು ಇನ್ನೊಂದು ಕಥೆ. ಒಬ್ಬರಿಗೇ ಎರಡೂ ಇರಬಹುದು, ಆದರೆ ಒಂದರಿಂದ ಇನ್ನೊಂದು ಹುಟ್ಟಿತು ಎಂದು ಅರ್ಥವಲ್ಲ.

"ಕನ್ನಡಿ ನೋಡ್ಕೊಳ್ಳುವಾಗ ಕತ್ತಲ್ಲಿ ಗಂಟು ಕಾಣಿಸ್ತು. ಕ್ಯಾನ್ಸರೇ ಇರಬೇಕು ಅಲ್ವಾ?"

ಇಲ್ಲದಿರುವ ಸಂಭವವೇ ಜಾಸ್ತಿ. ಥೈರಾಯ್ಡ್ ಗಂಟು ತೀರಾ ಸಾಮಾನ್ಯ. ವಯಸ್ಸಾದವರ ಕತ್ತನ್ನು ಸ್ಕ್ಯಾನ್ ಮಾಡುತ್ತಾ ಹೋದರೆ ಇಬ್ಬರಲ್ಲಿ ಒಬ್ಬರಿಗೆ ಏನಾದರೊಂದು ಗಂಟು ಸಿಕ್ಕೀತು. ಇಂಥ 100 ಗಂಟುಗಳಲ್ಲಿ ಕ್ಯಾನ್ಸರ್ ಆಗಿರುವುದು ಸುಮಾರು 5ರಿಂದ 10 ಮಾತ್ರ.

ಉಗುಳು ನುಂಗಿದಾಗ ಗಂಟು ಮೇಲೆ ಕೆಳಗೆ ಆಡಿದರೆ ಅದು ಥೈರಾಯ್ಡಿನದ್ದೇ ಎನ್ನಲು ಒಂದು ಗುರುತು. ಡಾಕ್ಟರು ಒಂದು ಲೋಟ ನೀರು ಕೊಟ್ಟು ಕುಡಿಯಿರಿ ಎನ್ನುವುದು ನಿಮಗೆ ಬಾಯಾರಿದೆ ಎಂದಲ್ಲ.

ಕೆಲವು ಗಂಟುಗಳಿಗೆ ಮಾತ್ರ ತಡ ಮಾಡಬಾರದು. ಕೆಲವೇ ವಾರಗಳಲ್ಲಿ ದೊಡ್ಡದಾದದ್ದು, ಕಲ್ಲಿನಂತೆ ಗಟ್ಟಿಯಾಗಿ ಅಲುಗಾಡದೆ ಕೂತದ್ದು, ಜೊತೆಗೆ ದನಿ ಒಡೆದದ್ದು, ನುಂಗಲು ಅಥವಾ ಉಸಿರಾಡಲು ಕಷ್ಟವಾಗುವುದು, ಕತ್ತಿನ ಪಕ್ಕದಲ್ಲೂ ಗಂಟು ಸಿಗುವುದು. ಮಕ್ಕಳಲ್ಲಿ ಕಂಡ ಗಂಟನ್ನೂ ಬೇಗ ತೋರಿಸಿ. ನೋವಿಲ್ಲ ಎಂದು ಸುಮ್ನೆ ಇರಬೇಡಿ. ಥೈರಾಯ್ಡ್ ಕ್ಯಾನ್ಸರ್ ಸಾಮಾನ್ಯವಾಗಿ ನೋಯುವುದೇ ಇಲ್ಲ.

"ಟಿಎಸ್‌ಎಚ್ ನಾರ್ಮಲ್ ಬಂದಿದೆ. ಅಂದ್ಮೇಲೆ ಏನೂ ಇಲ್ಲ ತಾನೆ?"

ಹಾಗೆ ಹೇಳಲಾಗುವುದಿಲ್ಲ. ಟಿಎಸ್‌ಎಚ್ ಎಂದರೆ ಥೈರಾಯ್ಡನ್ನು ಕೆಲಸಕ್ಕೆ ಹಚ್ಚಲು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಕಳಿಸುವ ಹಾರ್ಮೋನ್. ಥೈರಾಯ್ಡ್ ಎಷ್ಟು ಕೆಲಸ ಮಾಡುತ್ತಿದೆ ಎಂದು ಅದು ಹೇಳುತ್ತದೆ, ಅದರೊಳಗೆ ಏನು ಬೆಳೆದಿದೆ ಎಂದಲ್ಲ. ಥೈರಾಯ್ಡ್ ಕ್ಯಾನ್ಸರ್ ಇರುವ ಬಹುತೇಕ ಜನರ ಟಿಎಸ್‌ಎಚ್ ನಾರ್ಮಲ್ ಆಗಿಯೇ ಇರುತ್ತದೆ. ಆದರೂ ಆ ಪರೀಕ್ಷೆ ಮೊದಲು ಬೇಕು. ಟಿಎಸ್‌ಎಚ್ ತೀರಾ ಕಡಿಮೆ ಇದ್ದರೆ ಗಂಟೇ ಹಾರ್ಮೋನನ್ನು ಅತಿಯಾಗಿ ಸುರಿಯುತ್ತಿರಬಹುದು. ಅಂಥ ಗಂಟು ಕ್ಯಾನ್ಸರ್ ಆಗಿರುವುದು ಅಪರೂಪ, ಅದರ ದಾರಿಯೇ ಬೇರೆ.

"ನಮ್ಮ ಕಡೆ ಅಜ್ಜಿಯಂದಿರಿಗೆಲ್ಲ ಗಳಗಂಡ ಇತ್ತು, ಯಾರೂ ಕ್ಯಾನ್ಸರ್ ಅನ್ನಲಿಲ್ಲ. ಈಗ ಯಾಕೆ ಎಲ್ಲರಿಗೂ ಕ್ಯಾನ್ಸರ್?"

ಇದನ್ನು ಕೇಳಿದವರು ಮಲೆನಾಡಿನವರು. ಒಳ್ಳೇ ಪ್ರಶ್ನೆ. ಅಜ್ಜಿಯರ ಗಳಗಂಡಕ್ಕೆ ದೊಡ್ಡ ಕಾರಣ ಅಯೋಡಿನ್ ಕೊರತೆ. ಮಳೆ ಮಣ್ಣನ್ನು ತೊಳೆದುಕೊಂಡು ಹೋಗುವ ಬೆಟ್ಟದ ಸೀಮೆಯಲ್ಲಿ ನೀರು, ಬೆಳೆ ಎರಡರಲ್ಲೂ ಅಯೋಡಿನ್ ಕಡಿಮೆ. 1962ರಲ್ಲಿ ದೇಶದಲ್ಲಿ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು, ಅಯೋಡಿನ್ ಉಪ್ಪು ಬಂತು. ಈಗ ಸೋರೆಕಾಯಿಯಷ್ಟು ಊದಿದ ಕತ್ತು ಕಾಣುವುದು ಅಪರೂಪ.

ಕ್ಯಾನ್ಸರ್ ಲೆಕ್ಕ ಏರಿದ್ದಕ್ಕೆ ಮುಖ್ಯ ಕಾರಣ ನಮ್ಮ ಕಣ್ಣು ಚುರುಕಾಗಿದ್ದು. ಅಲ್ಟ್ರಾಸೌಂಡ್‌ನಲ್ಲಿ 3 ಮಿಲಿಮೀಟರ್ ಗಂಟೂ ಕಾಣುತ್ತದೆ. ದಕ್ಷಿಣ ಕೊರಿಯಾದ ಕಥೆ ಕೇಳಿ. ಅಲ್ಲಿ 1999ರಲ್ಲಿ ಸರ್ಕಾರದ ಕ್ಯಾನ್ಸರ್ ತಪಾಸಣೆ ಶುರುವಾಯಿತು. ಪಟ್ಟಿಯಲ್ಲಿ ಥೈರಾಯ್ಡ್ ಇರಲಿಲ್ಲ, ಆದರೆ ಸ್ವಲ್ಪ ದುಡ್ಡು ಜಾಸ್ತಿ ಕೊಟ್ಟರೆ ಕತ್ತಿನ ಸ್ಕ್ಯಾನೂ ಮಾಡುತ್ತಿದ್ದರು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪ್ರಮಾಣ 1993ಕ್ಕಿಂತ 15 ಪಟ್ಟಾಯಿತು. ಅದರಿಂದ ಸಾಯುವವರ ಸಂಖ್ಯೆ ಮಾತ್ರ ಇದ್ದಲ್ಲೇ ಇತ್ತು. ಅಂದರೆ ಸಾವಿರಾರು ಜನ ಜೀವಕ್ಕೆ ಕುತ್ತು ತರದ ಗಂಟಿಗಾಗಿ ಕತ್ತು ಕೊಯ್ಸಿಕೊಂಡು ಜನ್ಮಪೂರ್ತಿ ಮಾತ್ರೆ ನುಂಗುವಂತಾಯಿತು. ಹಾಗಾಗಿ ಯಾವ ಲಕ್ಷಣವೂ ಇಲ್ಲದೆ "ಒಂದ್ಸಲ ಕತ್ತಿನ ಸ್ಕ್ಯಾನ್ ಮಾಡಿಸಿಬಿಡೋಣ" ಎನ್ನುವವರಿಗೆ ನಾನು ಬೇಡ ಎನ್ನುತ್ತೇನೆ. ಆಸ್ಪತ್ರೆಗೆ ಬರುವ ದುಡ್ಡನ್ನು ನೀವೇ ತಡೀತಿದ್ದೀರಲ್ಲ ಎಂದು ಒಬ್ಬರು ನಕ್ಕಿದ್ದರು.

"ಯಾಕೆ ಬಂತು ಇದು? ಎಲೆಕೋಸು ತಿಂದಿದ್ದಕ್ಕಾ, ಮೊಬೈಲಿಂದಾನಾ?"

ಎರಡೂ ಅಲ್ಲ. ಬೇಯಿಸಿದ ಕೋಸನ್ನು ನಾವು ತಿನ್ನುವ ಪ್ರಮಾಣದಲ್ಲಿ ತಿಂದರೆ ಏನೂ ಆಗುವುದಿಲ್ಲ. ಖಚಿತವಾಗಿ ಗೊತ್ತಿರುವ ಕಾರಣ ಚಿಕ್ಕಂದಿನಲ್ಲಿ ಕತ್ತಿಗೆ ಬಿದ್ದ ವಿಕಿರಣ. 1986ರ ಚೆರ್ನೋಬಿಲ್ ಅಪಘಾತದ ನಂತರ ವಿಕಿರಣ ಅಯೋಡಿನ್ ಹುಲ್ಲಿಗೆ ಬಿತ್ತು, ಹುಲ್ಲಿನಿಂದ ಹಾಲಿಗೆ ಬಂತು, ಆ ಹಾಲು ಕುಡಿದ ಮಕ್ಕಳಲ್ಲಿ ಕೆಲವೇ ವರ್ಷಗಳಲ್ಲಿ ಥೈರಾಯ್ಡ್ ಕ್ಯಾನ್ಸರ್ ಹೆಚ್ಚಿತು. ಕೆಲವು ಕುಟುಂಬಗಳಲ್ಲಿ ವಂಶದಿಂದ ಬರುತ್ತದೆ. ಹೆಂಗಸರಲ್ಲಿ ಗಂಡಸರಿಗಿಂತ ಸುಮಾರು ಮೂರು ಪಟ್ಟು ಜಾಸ್ತಿ. ಉಳಿದ ಹೆಚ್ಚಿನವರಿಗೆ "ಇಂಥದ್ದರಿಂದ ಬಂತು" ಎಂದು ಬೆರಳಿಟ್ಟು ತೋರಿಸುವ ಕಾರಣ ಸಿಗುವುದಿಲ್ಲ. ತಾಯಂದಿರು ತಾವು ಮಾಡಿ ಹಾಕಿದ ಅಡುಗೆಯನ್ನು ಬೈದುಕೊಳ್ಳುವುದು ಬೇಡ.

## ಪರೀಕ್ಷೆ ಮತ್ತು ರಿಪೋರ್ಟ್

"ಸ್ಕ್ಯಾನಿಂಗ್ ರಿಪೋರ್ಟಲ್ಲಿ ಟೈರಾಡ್ಸ್ 4 ಅಂತ ಬರೆದಿದ್ದಾರೆ. ನಾಲ್ಕನೇ ಸ್ಟೇಜಾ?"

ಅಲ್ಲವೇ ಅಲ್ಲ! ಈ ಒಂದು ಸಾಲು ಓದಿ ರಾತ್ರಿಯಿಡೀ ಅತ್ತುಕೊಂಡು ಬಂದವರನ್ನು ನೋಡಿದ್ದೇನೆ. ಟೈರಾಡ್ಸ್ ಎಂದರೆ ಸ್ಕ್ಯಾನಿನಲ್ಲಿ ಗಂಟು ಎಷ್ಟು ಅನುಮಾನ ಹುಟ್ಟಿಸುತ್ತದೆ ಎಂಬುದಕ್ಕೆ ಕೊಡುವ ಅಂಕ, 1ರಿಂದ 5ರವರೆಗೆ. ಕ್ಯಾನ್ಸರ್ ಇದೆಯೋ ಇಲ್ಲವೋ ಎಂಬುದೇ ಆಗ ಗೊತ್ತಿರುವುದಿಲ್ಲ, ಇನ್ನು ಸ್ಟೇಜ್ ಎಲ್ಲಿಂದ ಬರಬೇಕು?

ಗಂಟು ಗಟ್ಟಿಯೋ ನೀರು ತುಂಬಿದ್ದೋ, ಸುತ್ತಲಿನ ಗ್ರಂಥಿಗಿಂತ ಕಪ್ಪಾಗಿದೆಯೋ, ಅಂಚು ಒರಟಾಗಿದೆಯೋ, ಅಗಲಕ್ಕಿಂತ ಎತ್ತರ ಜಾಸ್ತಿಯೋ, ಒಳಗೆ ಸಣ್ಣ ಸುಣ್ಣದ ಚುಕ್ಕೆಗಳಿವೆಯೋ ಎಂದು ನೋಡಿ ಅಂಕ ಹಾಕುತ್ತಾರೆ. ಅಮೆರಿಕದ ರೇಡಿಯಾಲಜಿ ಕಾಲೇಜಿನ 2017ರ ಪದ್ಧತಿಯಲ್ಲಿ 3 ಬಂದರೆ ಗಂಟು 2.5 ಸೆಂಟಿಮೀಟರ್ ಆದಾಗ, 4 ಬಂದರೆ 1.5 ಆದಾಗ, 5 ಬಂದರೆ 1 ಸೆಂಟಿಮೀಟರ್ ಆದಾಗ ಸೂಜಿ ಪರೀಕ್ಷೆ ಮಾಡುತ್ತಾರೆ. ಅದಕ್ಕಿಂತ ಚಿಕ್ಕದಾದರೆ ಸಾಮಾನ್ಯವಾಗಿ ಕಾದು ನೋಡುತ್ತಾರೆ.

"ಸೂಜಿ ಚುಚ್ಚಿದ್ರೆ ಕ್ಯಾನ್ಸರ್ ಹರಡುತ್ತೆ ಅಂತ ನಮ್ಮ ಮಾವ ಬಿಡ್ತಿಲ್ಲ. ಚುಚ್ಚಿಸಲೇಬೇಕಾ?"

ಮಾವನವರ ಕಾಳಜಿ ಅರ್ಥವಾಗುತ್ತದೆ. ಆದರೆ ಎಫ್‌ಎನ್‌ಎಸಿ ಎನ್ನುವ ಈ ಪರೀಕ್ಷೆಗೆ ಬಳಸುವ ಸೂಜಿ ರಕ್ತ ತೆಗೆಯುವ ಸೂಜಿಗಿಂತ ಸಣ್ಣದು. ಅದರಿಂದ ಥೈರಾಯ್ಡ್ ಕ್ಯಾನ್ಸರ್ ಹರಡುವುದು ಇಲ್ಲವೇ ಇಲ್ಲ ಎನ್ನುವಷ್ಟು ಅಪರೂಪ. ಅದನ್ನು ಬಿಟ್ಟರೆ ಉಳಿಯುವ ದಾರಿ ಏನು ಗೊತ್ತಾ? ಏನೆಂದು ಗೊತ್ತಿಲ್ಲದೆ ಆಪರೇಷನ್ ಮಾಡುವುದು, ಅಥವಾ ಏನೆಂದು ಗೊತ್ತಿಲ್ಲದೆ ಬಿಡುವುದು. ಎರಡೂ ಕೆಟ್ಟ ದಾರಿಗಳೇ. ಅಲ್ಟ್ರಾಸೌಂಡ್ ನೋಡಿಕೊಂಡು ಚುಚ್ಚಿದರೆ ಸರಿಯಾದ ಜಾಗದಿಂದ ಜೀವಕೋಶ ಬರುತ್ತದೆ. ಹತ್ತು ಹದಿನೈದು ನಿಮಿಷದ ಕೆಲಸ, ಅವತ್ತೇ ಮನೆಗೆ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ ಮುಂಚೆಯೇ ಹೇಳಿ.

"ಬೆಥೆಸ್ಡಾ 3 ಬಂದಿದೆ. ಹೌದೋ ಅಲ್ವೋ ಅಂತ ಒಂದೇ ಮಾತಲ್ಲಿ ಹೇಳಬಾರದಾ?"

ಹೇಳಲು ಆಗಿದ್ದರೆ ನಮಗೂ ಸುಲಭವಾಗುತ್ತಿತ್ತು. ಸೂಜಿಯಲ್ಲಿ ಬಂದ ಕೋಶ ನೋಡಿ ರಿಪೋರ್ಟನ್ನು ಆರು ದರ್ಜೆಗಳಲ್ಲಿ ಬರೆಯುತ್ತಾರೆ. ಅಮೆರಿಕದ ಬೆಥೆಸ್ಡಾ ಎಂಬ ಊರಲ್ಲಿ 2007ರಲ್ಲಿ ಸಭೆ ಸೇರಿ ಈ ಪದ್ಧತಿ ಮಾಡಿದ್ದರಿಂದ ಆ ಹೆಸರು. 1 ಎಂದರೆ ಕೋಶ ಸಾಕಷ್ಟು ಸಿಕ್ಕಿಲ್ಲ, ಮತ್ತೆ ಚುಚ್ಚಬೇಕು. 2 ಎಂದರೆ ಸಾಧು ಗಂಟು, ಅಂದರೆ ಕ್ಯಾನ್ಸರ್ ಅಲ್ಲದ್ದು. 6 ಎಂದರೆ ಕ್ಯಾನ್ಸರ್, ತಪ್ಪುವುದು ತೀರಾ ಕಡಿಮೆ. 5 ಬಲವಾದ ಅನುಮಾನ.

ತಲೆನೋವು 3 ಮತ್ತು 4. 3ರಲ್ಲಿ ಕೋಶಗಳು ಸ್ವಲ್ಪ ವಿಚಿತ್ರವಾಗಿವೆ, ಅಷ್ಟೇ. ಸುಮಾರು ಐದರಲ್ಲಿ ಒಂದು ಕ್ಯಾನ್ಸರ್ ಆಗಿರಬಹುದು, ನಾಲ್ಕು ಅಲ್ಲ. ಹೆಚ್ಚಾಗಿ ಕೆಲವು ತಿಂಗಳು ಬಿಟ್ಟು ಮತ್ತೆ ಚುಚ್ಚುತ್ತಾರೆ. ಸ್ಲೈಡನ್ನು ಇನ್ನೊಬ್ಬ ಅನುಭವಿ ಪೆಥಾಲಜಿಸ್ಟಿಗೆ ತೋರಿಸುವುದು ನನ್ನ ಅಭ್ಯಾಸ, ಅದಕ್ಕೆ ಖರ್ಚೂ ಕಡಿಮೆ. 4ರ ತೊಡಕು ಬೇರೆ. ಫಾಲಿಕ್ಯುಲರ್ ಎಂಬ ಜಾತಿಯಲ್ಲಿ ಸಾಧು ಗಂಟಿನ ಕೋಶವೂ ಕ್ಯಾನ್ಸರ್ ಕೋಶವೂ ನೋಡಲು ಒಂದೇ ಥರ. ಗಂಟಿನ ಸುತ್ತಲಿನ ಪೊರೆಯನ್ನು ಅದು ಹರಿದಿದೆಯೇ, ರಕ್ತನಾಳಕ್ಕೆ ನುಗ್ಗಿದೆಯೇ ಎಂಬುದರ ಮೇಲೆ ತೀರ್ಮಾನ. ಹಲಸಿನ ಒಂದು ತೊಳೆ ಕೈಗೆ ಕೊಟ್ಟು ಹಣ್ಣಿನ ಸಿಪ್ಪೆ ಎಲ್ಲಿ ಒಡೆದಿದೆ ಹೇಳಿ ಎಂದ ಹಾಗೆ. ಅದಕ್ಕೇ ಆ ಅರ್ಧ ಗ್ರಂಥಿ ತೆಗೆದು ಪರೀಕ್ಷೆಗೆ ಕಳಿಸುವುದು.

"ಕ್ಯಾನ್ಸರ್ ಅಂದ್ರೆ ಕ್ಯಾನ್ಸರೇ ಅಲ್ವಾ? ಇದರಲ್ಲಿ ಜಾತಿ ಯಾಕೆ?"

ಇಲ್ಲಿ ಜಾತಿಯೇ ಮುಖ್ಯ. ಹತ್ತರಲ್ಲಿ ಎಂಟು ಪ್ಯಾಪಿಲರಿ. ನಿಧಾನದ್ದು, ಕತ್ತಿನ ಗ್ರಂಥಿಗಳಿಗೆ (ಥೈರಾಯ್ಡ್ ಅಲ್ಲ, ಸುತ್ತಲಿನ ಲಿಂಫ್ ಗ್ರಂಥಿಗಳು; ಮುಂದೆಯೂ ಕತ್ತಿನ ಗ್ರಂಥಿ ಎಂದರೆ ಇವೇ) ಹೋಗುವುದು ಸಾಮಾನ್ಯ, ಆದರೂ ಹೆಚ್ಚಿನವರು ಪೂರ್ತಿ ಆಯಸ್ಸು ಬದುಕುತ್ತಾರೆ. ಎರಡನೆಯದು ಫಾಲಿಕ್ಯುಲರ್. ಇದು ರಕ್ತದ ಮೂಲಕ ಮೂಳೆ, ಶ್ವಾಸಕೋಶಕ್ಕೆ ಹೋಗಬಹುದು. ಮೂರನೆಯದು ಮೆಡ್ಯುಲರಿ, ನಾಲ್ಕನೆಯದು ಅನಪ್ಲಾಸ್ಟಿಕ್. ಇವೆರಡೂ ಅಪರೂಪ, ಕೊನೆಯಲ್ಲಿ ಬೇರೆಯಾಗಿ ಬರೆದಿದ್ದೇನೆ. ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಎಂದು ಗೊತ್ತಾದರೆ ಮೊದಲು ಕೇಳಬೇಕಾದ್ದು "ಯಾವ ಜಾತಿ?" ಎಂದು. ಸ್ಟೇಜ್ ಆಮೇಲೆ.

ಒಂದು ಮಾತು ಸೇರಿಸಬೇಕು. 2016ರಲ್ಲಿ ತಜ್ಞರು ಒಂದು ಬಗೆಯ ಗಂಟಿನ ಹೆಸರಿನಿಂದ ಕ್ಯಾನ್ಸರ್ ಎಂಬ ಪದವನ್ನೇ ತೆಗೆದರು, ಅದು ಕ್ಯಾನ್ಸರಿನಂತೆ ವರ್ತಿಸುವುದಿಲ್ಲ ಎಂದು. ರಿಪೋರ್ಟಿನಲ್ಲಿ ಎನ್‌ಐಎಫ್‌ಟಿಪಿ ಎಂದಿದ್ದರೆ ನೀವು ಆ ಪುಣ್ಯವಂತರು.

"ತಮ್ಮನಿಗೆ ನಲವತ್ತು ವರ್ಷ. ಶ್ವಾಸಕೋಶಕ್ಕೆ ಹೋಗಿದೆ ಅಂತಾರೆ, ಆದ್ರೂ ಸ್ಟೇಜ್ 2 ಅಂತ ಬರೆದಿದ್ದಾರೆ. ತಪ್ಪಾಗಿದೆಯಾ?"

ತಪ್ಪಿಲ್ಲ. ಪ್ಯಾಪಿಲರಿ, ಫಾಲಿಕ್ಯುಲರ್ ಎರಡರಲ್ಲೂ ಸ್ಟೇಜ್ ಹೇಳುವಾಗ ವಯಸ್ಸನ್ನೂ ಸೇರಿಸುತ್ತಾರೆ. 2018ರಿಂದ ಜಾರಿಯಲ್ಲಿರುವ ಪದ್ಧತಿಯಲ್ಲಿ 55 ವರ್ಷದೊಳಗಿನವರಿಗೆ ಎರಡೇ ಸ್ಟೇಜ್: ದೂರದ ಅಂಗಕ್ಕೆ ಹೋಗಿಲ್ಲದಿದ್ದರೆ 1, ಹೋಗಿದ್ದರೆ 2. ಚಿಕ್ಕ ವಯಸ್ಸಿನಲ್ಲಿ ಶ್ವಾಸಕೋಶಕ್ಕೆ ಹರಡಿದ ಸಣ್ಣ ಚುಕ್ಕೆಗಳೂ ಅಯೋಡಿನ್ ಚಿಕಿತ್ಸೆಗೆ ಹೆಚ್ಚಾಗಿ ಚೆನ್ನಾಗಿ ಬಗ್ಗುತ್ತವೆ ಎಂಬ ಅನುಭವ ಇದರ ಹಿಂದಿದೆ.

## ಆಪರೇಷನ್ ವಿಚಾರ

"6 ಮಿಲಿಮೀಟರ್ ಕ್ಯಾನ್ಸರ್, ಸುಮ್ನೆ ನೋಡ್ತಾ ಇರೋಣ ಅಂತಾರೆ ಡಾಕ್ಟ್ರು. ಕ್ಯಾನ್ಸರ್ ಇಟ್ಕೊಂಡು ನಿದ್ದೆ ಬರುತ್ತಾ?"

ಕೆಲವರಿಗೆ ಬರುತ್ತದೆ, ಕೆಲವರಿಗೆ ಬರುವುದಿಲ್ಲ. ನಿಜಕ್ಕೂ ನಿರ್ಧಾರ ಅದರ ಮೇಲೂ ಇದೆ. ಜಪಾನಿನ ಕೋಬೆಯ ಕುಮಾ ಆಸ್ಪತ್ರೆಯಲ್ಲಿ 1993ರಿಂದ ಒಂದು ಸೆಂಟಿಮೀಟರ್‌ಗಿಂತ ಚಿಕ್ಕ ಪ್ಯಾಪಿಲರಿ ಕ್ಯಾನ್ಸರ್‌ಗಳನ್ನು ಆಪರೇಷನ್ ಮಾಡದೆ ಗಮನಿಸುತ್ತಾ ಬಂದಿದ್ದಾರೆ. ಹತ್ತು ವರ್ಷದಲ್ಲಿ 3 ಮಿಲಿಮೀಟರ್ ಅಥವಾ ಹೆಚ್ಚು ಬೆಳೆದದ್ದು ಸುಮಾರು 8 ಶೇಕಡಾ ಜನರಲ್ಲಿ, ಕತ್ತಿನ ಗ್ರಂಥಿಗೆ ಹೋದದ್ದು 4 ಶೇಕಡಾಕ್ಕಿಂತ ಕಡಿಮೆ ಜನರಲ್ಲಿ. ಅಂಥವರಿಗೆ ಆಮೇಲೆ ಆಪರೇಷನ್ ಮಾಡಿದರೂ ನಷ್ಟವಾಗಲಿಲ್ಲ.

ಗಂಟು ಶ್ವಾಸನಾಳಕ್ಕೋ ದನಿಯ ನರಕ್ಕೋ ಅಂಟಿಕೊಂಡಿದ್ದರೆ, ಕತ್ತಿನ ಗ್ರಂಥಿ ಊದಿದ್ದರೆ ಈ ದಾರಿ ಬೇಡ. ಆರು ತಿಂಗಳಿಗೊಮ್ಮೆ ಒಳ್ಳೇ ಸ್ಕ್ಯಾನ್‌ಗೆ ತಪ್ಪದೆ ಬರುವವರಿಗೆ ಮಾತ್ರ ಇದು. ಬಿತ್ತನೆ ಬಂತು, ಕೊಯ್ಲು ಬಂತು ಎಂದು ಎರಡು ವರ್ಷ ಮುಖ ತೋರಿಸದವರಿಗೆ ನಾನೇ ಆಪರೇಷನ್ ಮಾಡಿಸಿಕೊಳ್ಳಿ ಎನ್ನುತ್ತೇನೆ.

"ಅರ್ಧ ತೆಗೀಬೇಕಾ, ಪೂರ್ತಿನಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ."

ಒಂದರಿಂದ 4 ಸೆಂಟಿಮೀಟರ್ ಒಳಗೆ, ಗ್ರಂಥಿಯ ಹೊರಗೆ ಹೋಗಿಲ್ಲದ, ಒಂದೇ ಬದಿಯ ಪ್ಯಾಪಿಲರಿ ಆದರೆ ಎರಡೂ ಸರಿ. ಅದಕ್ಕೇ ಎರಡು ಅಭಿಪ್ರಾಯ. ಅರ್ಧ ತೆಗೆದರೆ ಕ್ಯಾಲ್ಸಿಯಂ ತೊಂದರೆ ಬರುವುದಿಲ್ಲ ಎನ್ನಬಹುದು, ದನಿಯ ಅಪಾಯ ಒಂದೇ ಬದಿಗೆ, ಹಲವರಿಗೆ ಮಾತ್ರೆಯೂ ಬೇಕಾಗುವುದಿಲ್ಲ. ಪೂರ್ತಿ ತೆಗೆದರೆ ಮುಂದೆ ಅಯೋಡಿನ್ ಕೊಡಲು, ರಕ್ತ ಪರೀಕ್ಷೆಯಿಂದ ಕಣ್ಣಿಡಲು ಅನುಕೂಲ. 4 ಸೆಂಟಿಮೀಟರ್ ದಾಟಿದ್ದರೆ, ಎರಡೂ ಬದಿಯಲ್ಲಿದ್ದರೆ, ಕತ್ತಿನ ಗ್ರಂಥಿಗಳಲ್ಲಿ ಎದ್ದು ಕಾಣುವ ಗಂಟಿದ್ದರೆ, ಹೊರಗೆ ಹಬ್ಬಿದ್ದರೆ ಪೂರ್ತಿ. ಅರ್ಧ ತೆಗೆದ ಮೇಲೆ ಬಂದ ರಿಪೋರ್ಟ್ ನೋಡಿ ಉಳಿದರ್ಧ ತೆಗೆಯಬೇಕಾಗುವುದೂ ಉಂಟು. ಇದನ್ನು ಮೊದಲೇ ಹೇಳದಿದ್ದರೆ ಜನರಿಗೆ ಮೋಸ ಹೋದಂತೆ ಅನ್ನಿಸುತ್ತದೆ.

"ನಾನು ಹಾಡೋಳು. ದನಿ ಹೋಗಿಬಿಡುತ್ತಾ?"

ದನಿಪೆಟ್ಟಿಗೆಗೆ ಹೋಗುವ ನರ ಥೈರಾಯ್ಡಿನ ಬೆನ್ನಿಗೆ ಅಂಟಿಕೊಂಡು, ದಾರದ ಎಳೆಯಂತೆ ಮೇಲಕ್ಕೆ ಹೋಗುತ್ತದೆ. ಆಪರೇಷನ್‌ನ ಅರ್ಧ ಹೊತ್ತು ನಾವು ಅದನ್ನು ಹುಡುಕಿ ಕಾಪಾಡುವುದರಲ್ಲೇ ಇರುತ್ತೇವೆ. ಪಳಗಿದ ಕೈಯಲ್ಲಿ ಶಾಶ್ವತ ಪೆಟ್ಟು 100ಕ್ಕೆ ಒಂದೆರಡು. ಕೆಲವು ವಾರ ದನಿ ಒರಟಾಗಿದ್ದು ಸರಿಹೋಗುವುದು ಅದಕ್ಕಿಂತ ಸಾಮಾನ್ಯ. ಇನ್ನೊಂದು ಸಣ್ಣ ನರವಿದೆ, ತಾರಸ್ಥಾಯಿಗೆ ದನಿ ಏರಿಸಲು ಬೇಕಾದದ್ದು. ಅದು ನೊಂದರೆ ಮಾತಿನಲ್ಲಿ ಗೊತ್ತಾಗುವುದಿಲ್ಲ, ಹಾಡಿನಲ್ಲಿ ಗೊತ್ತಾಗುತ್ತದೆ. ಹಾಗಾಗಿ ಹಾಡುವವರು, ಮೇಷ್ಟ್ರು, ಯಕ್ಷಗಾನದವರು ತಮ್ಮ ಕಸುಬನ್ನು ಮೊದಲೇ ಹೇಳಬೇಕು. ಆಪರೇಷನ್‌ಗೆ ಮುಂಚೆ ದನಿತಂತುಗಳನ್ನು ಒಮ್ಮೆ ನೋಡಿಸಿಕೊಳ್ಳಿ.

ಡಾಕ್ಟರನ್ನು ನೇರವಾಗಿ ಕೇಳಿ: ವರ್ಷಕ್ಕೆ ಎಷ್ಟು ಥೈರಾಯ್ಡ್ ಆಪರೇಷನ್ ಮಾಡುತ್ತೀರಿ? ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ ವರ್ಷಕ್ಕೆ 25ಕ್ಕಿಂತ ಜಾಸ್ತಿ ಮಾಡುವವರಲ್ಲಿ ತೊಂದರೆ ಕಡಿಮೆ ಕಂಡಿತ್ತು. ಕೇಳಿದರೆ ಬೇಜಾರು ಮಾಡಿಕೊಳ್ಳುವವರ ಹತ್ತಿರ ಆಪರೇಷನ್ ಮಾಡಿಸಿಕೊಳ್ಳದಿದ್ದರೂ ನಡೆಯುತ್ತದೆ.

"ಆಪರೇಷನ್ ಆಗಿ ಮೂರು ದಿನ. ಅಮ್ಮನ ಬೆರಳು, ತುಟಿ ಎಲ್ಲ ಜುಮುಜುಮು ಅಂತಿದೆ. ಬಲಹೀನತೆನಾ?"

ಬಲಹೀನತೆ ಅಲ್ಲ, ಕ್ಯಾಲ್ಸಿಯಂ ಇಳಿದಿದೆ. ಇದನ್ನು ಓದುತ್ತಾ ಕೂರಬೇಡಿ, ಈಗಲೇ ಆಸ್ಪತ್ರೆಗೆ ಫೋನ್ ಮಾಡಿ. ಕೈ ಬೆರಳು ಸೆಟೆದುಕೊಂಡರೆ ನೇರ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ. ಥೈರಾಯ್ಡಿನ ಹಿಂದೆ ಬೇಳೆ ಕಾಳಿನಷ್ಟು ಚಿಕ್ಕ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ. ರಕ್ತದ ಕ್ಯಾಲ್ಸಿಯಂ ಕಾಯುವವು ಅವೇ. ಪೂರ್ತಿ ಥೈರಾಯ್ಡ್ ತೆಗೆದಾಗ ಅವಕ್ಕೆ ರಕ್ತ ಸರಿಯಾಗಿ ಸಿಗದೆ ಸ್ವಲ್ಪ ದಿನ ಮಂಕಾಗುತ್ತವೆ. ಎರಡನೇ, ಮೂರನೇ ದಿನ ಇದು ಜೋರಾಗುವುದು ಮಾಮೂಲು. ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಕೊಟ್ಟರೆ ಹೆಚ್ಚಿನವರು ಕೆಲವು ವಾರದಲ್ಲಿ ಸರಿಯಾಗುತ್ತಾರೆ.

ಇನ್ನೊಂದು ಎಚ್ಚರ: ಮೊದಲ ದಿನ ಕತ್ತು ಬಿಗಿಯಾಗಿ ಊದಿ ಉಸಿರು ಕಟ್ಟಿದಂತಾದರೆ ಒಳಗೆ ರಕ್ತ ತುಂಬುತ್ತಿರಬಹುದು. ನರ್ಸಮ್ಮನನ್ನು ಕೂಗಿ ಕರೆಯಲು ಸಂಕೋಚ ಬೇಡ.

"ತಕ್ಷಣ ಮಾಡಿಸಬೇಕಾ? ದುಡ್ಡು ಹೊಂದಿಸೋಕೆ ಟೈಮ್ ಬೇಕು."

ಪ್ಯಾಪಿಲರಿ ಆದರೆ ಒಂದೆರಡು ತಿಂಗಳು ತಡವಾದರೆ ಏನೂ ಕೆಡುವುದಿಲ್ಲ. ಗರ್ಭಿಣಿಯರಿಗೆ ಎಷ್ಟೋ ಸಲ ಹೆರಿಗೆ ಆಗುವವರೆಗೂ ಕಾಯುತ್ತೇವೆ. ಹೊಲ ಮಾರುವ ಮೊದಲು ವಿಚಾರಿಸಿ: ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಆದರೆ ಪ್ಯಾಕೇಜಿನ ಶೇಕಡಾ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ರೇಷನ್ ಕಾರ್ಡ್, ಆಧಾರ್ ತಗೊಂಡು ಸರ್ಕಾರಿ ಆಸ್ಪತ್ರೆಯಲ್ಲಿ ರೆಫರಲ್ ಕೇಳಿ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ 1973ರಿಂದ ಕ್ಯಾನ್ಸರ್‌ಗೆಂದೇ ಇದೆ. ಅಲ್ಲಿ ಕ್ಯೂ ಉದ್ದ ಇರಬಹುದು, ಆದರೆ ಈ ಕಾಯಿಲೆಗೆ ಹೆಚ್ಚಾಗಿ ಆ ಕ್ಯೂನಲ್ಲಿ ನಿಲ್ಲುವಷ್ಟು ಸಮಯವಿದೆ.

## ಅಯೋಡಿನ್ ಚಿಕಿತ್ಸೆ

"ಕೀಮೋ ಯಾವಾಗ ಶುರು? ಕೂದಲು ಉದುರುತ್ತಾ?"

ಬಹುತೇಕ ಥೈರಾಯ್ಡ್ ಕ್ಯಾನ್ಸರ್‌ಗೆ ಕೀಮೋ ಇಲ್ಲವೇ ಇಲ್ಲ. ಇಲ್ಲಿನ ಮದ್ದು ವಿಕಿರಣ ಅಯೋಡಿನ್. ದೇಹದಲ್ಲಿ ಅಯೋಡಿನ್ ಹೀರಿ ಹಿಡಿದಿಟ್ಟುಕೊಳ್ಳುವುದು ಮುಖ್ಯವಾಗಿ ಥೈರಾಯ್ಡ್ ಕೋಶ, ಅದು ಎಲ್ಲಿದ್ದರೂ ಸರಿ. ಅಯೋಡಿನ್ 131 ಎಂಬ ವಿಕಿರಣ ರೂಪವನ್ನು ಕುಡಿಸಿದರೆ ಕತ್ತಿನಲ್ಲಿ ಉಳಿದ ಕೋಶವೂ ಶ್ವಾಸಕೋಶಕ್ಕೆ ಹೋದ ಕೋಶವೂ ತಾವಾಗಿಯೇ ಅದನ್ನು ನುಂಗಿ ಸಾಯುತ್ತವೆ. 1940ರ ದಶಕದಿಂದ ಬಳಕೆಯಲ್ಲಿದೆ. ಬಾಯಿ ಒಣಗುವುದು, ಕೆನ್ನೆಯ ಜೊಲ್ಲು ಗ್ರಂಥಿ ಊದಿ ನೋಯುವುದು, ರುಚಿ ಕೆಡುವುದು ಆಗಬಹುದು. ಕೂದಲು ಕೀಮೋದಲ್ಲಿ ಹೋದಂತೆ ಹೋಗುವುದಿಲ್ಲ.

"ಅಕ್ಕನಿಗೆ ಅಯೋಡಿನ್ ಕೊಟ್ಟಿದ್ದರು. ನನಗೆ ಬೇಡ ಅಂದ್ರು. ಖರ್ಚು ಉಳಿಸ್ತಿದ್ದಾರಾ?"

ಇಲ್ಲ. ಅಕ್ಕನ ಕಾಲಕ್ಕೂ ನಿಮ್ಮ ಕಾಲಕ್ಕೂ ನಡುವೆ ತಿಳಿವಳಿಕೆ ಬದಲಾಗಿದೆ. ಮೊದಲು ಪೂರ್ತಿ ಗ್ರಂಥಿ ತೆಗೆದ ಹೆಚ್ಚಿನವರಿಗೆ 100 ಮಿಲಿಕ್ಯೂರಿ (ಇದು ವಿಕಿರಣದ ಅಳತೆ) ಕೊಡುತ್ತಿದ್ದರು. 2012ರಲ್ಲಿ ಫ್ರಾನ್ಸ್ ಮತ್ತು ಬ್ರಿಟನ್ನಿನ ಎರಡು ಪ್ರಯೋಗಗಳಲ್ಲಿ ಕಡಿಮೆ ಅಪಾಯದವರಿಗೆ 30 ಸಾಕು ಎಂದು ಕಂಡಿತು. 2022ರಲ್ಲಿ ಫ್ರಾನ್ಸಿನವರೇ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಇಂಥವರಿಗೆ ಕೊಡದೇ ಇದ್ದರೂ ಮೂರು ವರ್ಷದ ಫಲಿತಾಂಶ ಒಂದೇ ಎಂದು ತೋರಿಸಿದರು. ಕತ್ತಿನ ಗ್ರಂಥಿಗಳಿಗೆ ಜಾಸ್ತಿ ಹರಡಿದ್ದರೆ, ದೂರಕ್ಕೆ ಹೋಗಿದ್ದರೆ ಮಾತ್ರ ಅಯೋಡಿನ್ ಬಿಡಬಾರದು.

"ಅಯೋಡಿನ್ ಇಲ್ಲದ ಊಟ ಅಂತ ಚೀಟಿ ಕೊಟ್ಟಿದ್ದಾರೆ. ಏನು ಅಡುಗೆ ಮಾಡ್ಲಿ?"

ಕೋಶಗಳನ್ನು ಅಯೋಡಿನ್‌ಗೆ ಹಸಿದಿಡಲು ಒಂದೆರಡು ವಾರದ ಪಥ್ಯ ಇದು. ಮೊದಲು ಹೋಗಬೇಕಾದ್ದು ಅಯೋಡಿನ್ ಉಪ್ಪು. ಅಂಗಡಿಯ ಹೆಚ್ಚಿನ ಪ್ಯಾಕೆಟ್ ಅದೇ ಆಗಿರುವುದರಿಂದ ಯಾವ ಉಪ್ಪು ತರಬೇಕೆಂದು ಈ ಚಿಕಿತ್ಸೆ ಕೊಡುವ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದವರನ್ನೇ ಕೇಳಿ. ಹಾಲು, ಮೊಸರು, ಮಜ್ಜಿಗೆ, ಪನೀರ್, ಮೊಟ್ಟೆಯ ಹಳದಿ, ಬೇಕರಿ ತಿಂಡಿ, ಹೋಟೆಲ್ ಊಟ ಬೇಡ. ಮನೆಯ ಹಳೇ ಉಪ್ಪಿನಕಾಯಿ, ಹಪ್ಪಳವೂ ಬೇಡ, ಅದಕ್ಕೆ ಹಾಕಿದ್ದು ಅಯೋಡಿನ್ ಉಪ್ಪೇ ತಾನೆ. ಇದನ್ನು ಎಲ್ಲರೂ ಮರೆಯುತ್ತಾರೆ. ಕರಾವಳಿಯವರಿಗೆ ಮೀನು ಬಿಡುವುದೇ ದೊಡ್ಡ ಶಿಕ್ಷೆ.

ಅನ್ನ, ಮುದ್ದೆ, ಜೋಳದ ರೊಟ್ಟಿ, ಬೇಳೆ ಸಾರು, ತರಕಾರಿ ಪಲ್ಯ, ಹಣ್ಣು, ಹಾಲಿಲ್ಲದ ಕಾಫಿ ನಡೆಯುತ್ತದೆ. ಹತ್ತಿರದಲ್ಲಿ ಬಣ್ಣದ ಔಷಧಿ ಹಾಕಿ ಸಿಟಿ ಸ್ಕ್ಯಾನ್ ಮಾಡಿಸಿದ್ದರೆ ತಪ್ಪದೆ ಹೇಳಿ. ಅದರಲ್ಲಿ ಅಯೋಡಿನ್ ತುಂಬಿರುತ್ತದೆ, ಪಥ್ಯವೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ.

ಟಿಎಸ್‌ಎಚ್ ಏರಿದರೆ ಕೋಶಗಳು ಅಯೋಡಿನ್ ಚೆನ್ನಾಗಿ ಹೀರುತ್ತವೆ. ಅದನ್ನು ಏರಿಸಲು ಥೈರಾಕ್ಸಿನ್ ಎಂಬ ಥೈರಾಯ್ಡ್ ಹಾರ್ಮೋನ್ ಮಾತ್ರೆಯನ್ನು ಮೂರ್ನಾಲ್ಕು ವಾರ ನಿಲ್ಲಿಸುತ್ತಾರೆ, ಇಲ್ಲವೇ ದುಬಾರಿ ಇಂಜೆಕ್ಷನ್ ಎರಡು ದಿನ ಕೊಡುತ್ತಾರೆ. ಮಾತ್ರೆ ನಿಂತ ಕೊನೇ ವಾರ ಮಂಕು, ಚಳಿ, ಸುಸ್ತು, ಸಿಡುಕು ಎಲ್ಲ ಬರುತ್ತದೆ. ಮನೆಯವರು ಸಹಿಸಿಕೊಳ್ಳಬೇಕು. ಆ ದಿನಗಳಲ್ಲಿ ಬೈಕ್, ಕಾರು ಓಡಿಸಬೇಡಿ.

"ಅಯೋಡಿನ್ ತಗೊಂಡು ಬಂದ್ಮೇಲೆ ಮೊಮ್ಮಗೂನ ಎತ್ಕೋಬಹುದಾ?"

ಕೆಲವು ದಿನ ಬೇಡ ಅಜ್ಜಿ. ಡೋಸ್ 30 ಮಿಲಿಕ್ಯೂರಿಗಿಂತ ಜಾಸ್ತಿ ಇದ್ದರೆ ಮೊದಲು ಆಸ್ಪತ್ರೆಯ ಪ್ರತ್ಯೇಕ ಕೋಣೆಯಲ್ಲೇ ಇಡುತ್ತಾರೆ. ಅಲ್ಲಿನ ಶೌಚಾಲಯದ ನೀರನ್ನೂ ಬೇರೆ ಟ್ಯಾಂಕಿನಲ್ಲಿ ನಿಲ್ಲಿಸಿ, ವಿಕಿರಣ ಇಳಿದ ಮೇಲೆಯೇ ಬಿಡುತ್ತಾರೆ. ಅಯೋಡಿನ್ 131ರ ಶಕ್ತಿ 8 ದಿನಕ್ಕೆ ಅರ್ಧವಾಗುತ್ತದೆ, ಬಹುಪಾಲು ಮೊದಲ ಎರಡು ಮೂರು ದಿನದಲ್ಲೇ ಮೂತ್ರದಲ್ಲಿ ಹೋಗುತ್ತದೆ. ಮನೆಗೆ ಬಂದ ಮೇಲೆ ಮಕ್ಕಳು, ಗರ್ಭಿಣಿಯರಿಂದ ಆಸ್ಪತ್ರೆಯವರು ಹೇಳಿದಷ್ಟು ದಿನ ದೂರ ಇರಿ. ಬೇರೆ ಹಾಸಿಗೆ, ಬೇರೆ ತಟ್ಟೆ ಲೋಟ, ಜಾಸ್ತಿ ನೀರು. ಇದು ಮಡಿ ಮೈಲಿಗೆಯಲ್ಲ, ಅಂಟುವ ರೋಗವೂ ಅಲ್ಲ. ಅದೇ ಮನೆಯ ಬಾಗಿಲಲ್ಲಿ ನಿಂತು ಮಾತಾಡಿಸಲು ಏನೂ ಅಡ್ಡಿಯಿಲ್ಲ.

## ಆಮೇಲಿನ ಬದುಕು

"ಮಾತ್ರೆ ಸಾಯೋವರೆಗೂ ತಗೋಬೇಕಾ? ಕಾಫಿ ಜೊತೆ ತಗೊಂಡ್ರೆ ಏನಾಗುತ್ತೆ?"

ಪೂರ್ತಿ ತೆಗೆದಿದ್ದರೆ ಹೌದು, ಬಿಡುವಂತಿಲ್ಲ. ಸ್ವಿಟ್ಜರ್ಲೆಂಡಿನ ಕೋಖರ್ ಎಂಬ ಸರ್ಜನ್ ಗ್ರಂಥಿ ಪೂರ್ತಿ ತೆಗೆದ ತನ್ನ ರೋಗಿಗಳು ಮಂಕಾಗಿ, ಊದಿಕೊಂಡು ಹೋದದ್ದನ್ನು 1883ರಲ್ಲೇ ಜಗತ್ತಿಗೆ ಹೇಳಿದ. ಆಗ ಮಾತ್ರೆ ಇರಲಿಲ್ಲ. ಥೈರಾಯ್ಡ್ ಕೆಲಸಕ್ಕೆ ಆತನಿಗೆ 1909ರಲ್ಲಿ ನೊಬೆಲ್ ಬಂತು.

ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ತಗೊಳ್ಳಿ. ಕಾಫಿಗೆ ಅರ್ಧದಿಂದ ಒಂದು ಗಂಟೆ ತಡೆಯಿರಿ, ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೆ ನಾಲ್ಕು ಗಂಟೆ. ಜೊತೆಯಲ್ಲೇ ತಗೊಂಡರೆ ಮಾತ್ರೆ ಮೈಗೆ ಹತ್ತುವುದಿಲ್ಲ. ಕಂಪನಿ ಪದೇ ಪದೇ ಬದಲಿಸಬೇಡಿ.

ನಿಮ್ಮ ಟಿಎಸ್‌ಎಚ್ ಲ್ಯಾಬಿನ ನಾರ್ಮಲ್‌ಗಿಂತ ಕಡಿಮೆ ಇದೆ ಎಂದು ಬೇರೆ ಡಾಕ್ಟರು ಡೋಸ್ ಇಳಿಸಿದರೆ, ಕ್ಯಾನ್ಸರ್ ಆಗಿತ್ತು ಎಂದು ಹೇಳಿ. ಅಪಾಯ ಜಾಸ್ತಿ ಇದ್ದವರಿಗೆ ಟಿಎಸ್‌ಎಚ್ ಅನ್ನು 0.1ಕ್ಕಿಂತ ಕೆಳಗೆ ಬೇಕೆಂದೇ ಒತ್ತಿಡುತ್ತೇವೆ, ಏಕೆಂದರೆ ಟಿಎಸ್‌ಎಚ್ ಕ್ಯಾನ್ಸರ್ ಕೋಶಕ್ಕೆ ಗೊಬ್ಬರ ಇದ್ದ ಹಾಗೆ. ಆದರೆ ಎಲ್ಲರಿಗೂ ಹಾಗೆ ಮಾಡಬಾರದು. ವಯಸ್ಸಾದವರಲ್ಲಿ ಎದೆಬಡಿತ ತಪ್ಪುತ್ತದೆ, ಮೂಳೆ ಸವೆಯುತ್ತದೆ.

"ಮತ್ತೆ ಬರುತ್ತಾ? ಹೇಗೆ ಗೊತ್ತಾಗುತ್ತೆ?"

ಬರಬಹುದು. ಬಂದರೆ ಹೆಚ್ಚಾಗಿ ಕತ್ತಿನ ಗ್ರಂಥಿಗಳಲ್ಲೇ. ಎರಡು ಕಾವಲುಗಾರರಿದ್ದಾರೆ: ಕತ್ತಿನ ಅಲ್ಟ್ರಾಸೌಂಡ್ ಮತ್ತು ಥೈರೋಗ್ಲೋಬ್ಯುಲಿನ್ ರಕ್ತ ಪರೀಕ್ಷೆ. ಈ ಪ್ರೋಟೀನನ್ನು ಥೈರಾಯ್ಡ್ ಕೋಶ ಮಾತ್ರ ಮಾಡುತ್ತದೆ. ಗ್ರಂಥಿ ಪೂರ್ತಿ ಹೋದ ಮೇಲೆ ಅದು ಏರುತ್ತಾ ಹೋದರೆ ಎಲ್ಲೋ ಕೋಶ ಉಳಿದಿದೆ. ಗ್ರಂಥಿ ಇರುವಾಗಲೇ ಈ ಟೆಸ್ಟ್ ಮಾಡಿಸಿ ಹೆದರಿದವರಿದ್ದಾರೆ, ಆಗ ಅದಕ್ಕೆ ಅರ್ಥವಿಲ್ಲ. ಜೊತೆಗೆ ಈ ಪ್ರೋಟೀನಿನ ವಿರುದ್ಧ ಮೈಯೇ ಮಾಡುವ ಆಂಟಿಬಾಡಿಯ ಪರೀಕ್ಷೆಯೂ ಆಗಬೇಕು, ಆಂಟಿಬಾಡಿ ಇದ್ದರೆ ಅಂಕಿ ಸುಳ್ಳು ಹೇಳುತ್ತದೆ. ಒಂದು ಸಲದ ಅಂಕಿಗಿಂತ ಅದು ಹೋಗುತ್ತಿರುವ ದಿಕ್ಕು ಮುಖ್ಯ. ಒಂದೇ ಲ್ಯಾಬಿನಲ್ಲಿ ಮಾಡಿಸಿ, ಹಳೇ ರಿಪೋರ್ಟ್ ಎಸೆಯಬೇಡಿ.

"ಮಗಳಿಗೆ ಗಂಡು ನೋಡ್ತಿದ್ದೀವಿ. ಮಕ್ಕಳಾಗುತ್ತಾ?"

ಆಗುತ್ತದೆ. ಅಯೋಡಿನ್ ತಗೊಂಡಿದ್ದರೆ ಆರು ತಿಂಗಳಿಂದ ಒಂದು ವರ್ಷ ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು. ಗರ್ಭಿಣಿಗೆ, ಹಾಲೂಡಿಸುವವರಿಗೆ ಅಯೋಡಿನ್ ಕೊಡುವಂತೆಯೇ ಇಲ್ಲ. ಗರ್ಭ ನಿಂತದ್ದು ಗೊತ್ತಾದ ದಿನವೇ ಡಾಕ್ಟರಿಗೆ ಹೇಳಬೇಕು, ಥೈರಾಕ್ಸಿನ್ ಡೋಸ್ ಏರಿಸಬೇಕಾಗುತ್ತದೆ. ಹುಡುಗನ ಮನೆಯವರಿಗೆ ಹೇಳಬೇಕೇ ಎಂದೂ ಕೇಳುತ್ತಾರೆ. ಅದು ಡಾಕ್ಟರ ಪ್ರಶ್ನೆಯಲ್ಲ, ಆದರೂ ಕೇಳಿದರೆ ಹೇಳುತ್ತೇನೆ: ದಿನಾ ಬೆಳಗ್ಗೆ ಮಾತ್ರೆ ತಗೊಳ್ಳುವುದನ್ನು ಎಷ್ಟು ದಿನ ಮುಚ್ಚಿಡುತ್ತೀರಿ? ಮಗಳೇ ಹುಡುಗನಿಗೆ ನೇರವಾಗಿ ಹೇಳಲಿ.

## ಅಪರೂಪದ, ಕಷ್ಟದ ಪ್ರಶ್ನೆಗಳು

"ಅಪ್ಪನಿಗೆ ಮೆಡ್ಯುಲರಿ ಅಂತೆ. ನಮಗೂ, ಮಕ್ಕಳಿಗೂ ಟೆಸ್ಟ್ ಮಾಡಿಸಿ ಅಂತಿದ್ದಾರೆ. ಯಾಕೆ?"

ಮೆಡ್ಯುಲರಿ ಹುಟ್ಟುವುದು ಬೇರೆ ಕೋಶದಿಂದ, ಕ್ಯಾಲ್ಸಿಟೋನಿನ್ ಎಂಬ ಹಾರ್ಮೋನ್ ಮಾಡುವ ಸಿ ಕೋಶದಿಂದ. ಅದು ಅಯೋಡಿನ್ ಹೀರುವುದಿಲ್ಲ, ಹಾಗಾಗಿ ಅಯೋಡಿನ್ ಚಿಕಿತ್ಸೆ ಉಪಯೋಗವಿಲ್ಲ. ಆಪರೇಷನ್ ಮೊದಲ ಸಲವೇ ಅಚ್ಚುಕಟ್ಟಾಗಿ ಆಗಬೇಕು. ನಾಲ್ವರಲ್ಲಿ ಒಬ್ಬರಿಗೆ ಇದು ರೆಟ್ ಎಂಬ ಜೀನಿನ ದೋಷದಿಂದ ಬರುತ್ತದೆ, ಪ್ರತಿ ಮಗುವಿಗೂ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಅಪ್ಪನ ರಕ್ತದಲ್ಲಿ ಆ ದೋಷ ಸಿಕ್ಕರೆ ಮಾತ್ರ ನಿಮಗೆ ಪರೀಕ್ಷೆ. ದೋಷವಿರುವ ಮಕ್ಕಳಿಗೆ ಕ್ಯಾನ್ಸರ್ ಬರುವ ಮುಂಚೆಯೇ ಥೈರಾಯ್ಡ್ ತೆಗೆಯುತ್ತಾರೆ, ಕೆಲವು ಬಗೆಯಲ್ಲಿ ಐದು ವರ್ಷದೊಳಗೆ. ಆಪರೇಷನ್‌ಗೆ ಮೊದಲು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ ಗಂಟಿದೆಯೇ ಎಂದು ನೋಡಲೇಬೇಕು. ನೋಡದೆ ಅರಿವಳಿಕೆ ಕೊಟ್ಟರೆ ಬಿಪಿ ಜೀವ ತೆಗೆಯುವಷ್ಟು ಏರಬಹುದು.

"ಮೂರು ಸಲ ಅಯೋಡಿನ್ ಕೊಟ್ಟರು, ಈಗ ಕೆಲಸ ಮಾಡ್ತಿಲ್ಲ ಅಂತಾರೆ. ಮುಂದೇನು?"

ಕೆಲವು ಕೋಶಗಳು ಕಾಲ ಕಳೆದಂತೆ ಅಯೋಡಿನ್ ಹೀರುವುದನ್ನೇ ಮರೆಯುತ್ತವೆ. ಆಗ ಮತ್ತೆ ಮತ್ತೆ ಕೊಡುವುದು ವ್ಯರ್ಥ. ಚುಕ್ಕೆಗಳು ನಿಧಾನವಾಗಿದ್ದು ತೊಂದರೆ ಕೊಡದಿದ್ದರೆ ಸುಮ್ಮನೆ ಗಮನಿಸುವುದೂ ಚಿಕಿತ್ಸೆಯೇ. ಬೆಳೆಯುತ್ತಿದ್ದರೆ ಲೆನ್ವಾಟಿನಿಬ್, ಸೊರಾಫೆನಿಬ್ ಎಂಬ ಮಾತ್ರೆಗಳಿವೆ. ಬೆಳವಣಿಗೆ ತಡೆಯುತ್ತವೆ, ಬೇರು ಕೀಳುವುದಿಲ್ಲ. ಬಿಪಿ, ಭೇದಿ, ಅಂಗೈ ಉರಿ ಕಾಡುತ್ತವೆ. ಶುರು ಮಾಡುವ ಮೊದಲು ಗಂಟಿನ ಜೀನ್ ಪರೀಕ್ಷೆ ಮಾಡಿಸಲಾದರೆ ಮಾಡಿಸಿ. ರೆಟ್ ಅಥವಾ ಬ್ರಾಫ್ ಎಂಬ ಜೀನಿನಲ್ಲಿ ಬದಲಾವಣೆ ಸಿಕ್ಕರೆ ಅದಕ್ಕೆಂದೇ ಗುರಿಯಿಟ್ಟ ಮದ್ದುಗಳಿವೆ.

"ಅಜ್ಜನ ಹಳೇ ಗಂಟು ಒಂದು ತಿಂಗಳಲ್ಲಿ ಎರಡರಷ್ಟಾಯ್ತು, ಉಸಿರು ಗೊರಗೊರ ಅಂತಿದೆ. ವಯಸ್ಸಾಗಿದೆ, ಕಾದು ನೋಡೋಣ್ವಾ?"

ಈ ಒಂದಕ್ಕೆ ಕಾಯಬೇಡಿ. ಮೇಲೆ ಸಮಯವಿದೆ ಎಂದು ಹೇಳಿದ ಯಾವ ಮಾತೂ ಇದಕ್ಕೆ ಹೊಂದುವುದಿಲ್ಲ. ಅನಪ್ಲಾಸ್ಟಿಕ್ ಇರಬಹುದು, ಲಿಂಫೋಮಾ ಎಂಬ ಬೇರೆ ಕ್ಯಾನ್ಸರೂ ಇರಬಹುದು. ನೋಡಲು ಎರಡೂ ಒಂದೇ ಥರ. ಲಿಂಫೋಮಾ ಆದರೆ ಕತ್ತು ಕೊಯ್ಯದೆ ಔಷಧಿಯಲ್ಲೇ ಕರಗಿಸಬಹುದು, ಹಾಗಾಗಿ ಬೇಗ ಬಯಾಪ್ಸಿ ಆಗಬೇಕು. ಅನಪ್ಲಾಸ್ಟಿಕ್ ಆದರೆ ಮಾತು ಕಠಿಣ. ಹೆಚ್ಚಿನವರ ಆಯಸ್ಸು ತಿಂಗಳುಗಳ ಲೆಕ್ಕದಲ್ಲಿ. ಬ್ರಾಫ್ ವಿ600ಇ ಎಂಬ ಬದಲಾವಣೆ ಇದ್ದವರಿಗೆ ಡಬ್ರಾಫೆನಿಬ್, ಟ್ರಾಮೆಟಿನಿಬ್ ಎಂಬ ಜೋಡಿ ಮಾತ್ರೆಗೆ 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ, ಕೆಲವರಲ್ಲಿ ಗಂಟು ಬೇಗ ಕರಗಿದ್ದೂ ಇದೆ. ಇಂದೇ ದೊಡ್ಡಾಸ್ಪತ್ರೆಗೆ ಹೊರಡಿ. ದಾರಿಯಲ್ಲಿ ಅಜ್ಜನನ್ನು ಮಲಗಿಸಬೇಡಿ, ಕೂರಿಸಿಕೊಂಡೇ ಕರೆದುಕೊಂಡು ಹೋಗಿ.